ಸೋಮನಾಥಪುರದ ‘ತೆನೆ’ಯ ಬಗ್ಗೆ ಬರೆಯುವ ಮುನ್ನ

ಪ್ರಿಯರೇ,

ನಿಮ್ಮ ಕರಡು ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ‘ಶಿಲ್ಪದ ಕೈಯಲ್ಲಿ ಮುಸುಕಿನ ಜೋಳವಿದೆ, ಆದ್ದರಿಂದ ಹೊಯ್ಸಳರಿಗೆ ಅಮೆರಿಕದ ನಂಟಿತ್ತು’ ಎಂಬಲ್ಲಿ ಆ ‘ಆದ್ದರಿಂದ’ ತಾಳಲಾರದಷ್ಟು ಭಾರ ಹೊತ್ತಿದೆ.

ಮುಸುಕಿನ ಜೋಳ, ಅಂದರೆ ಮೆಕ್ಕೆಜೋಳ, ಅಮೆರಿಕ ಮೂಲದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದ ಮೇಲೆಯೇ ಅದು ಇತ್ತ ಬಂತೆಂಬುದು ರೂಢಿಯ ತಿಳಿವಳಿಕೆ. ಅದಕ್ಕೆ ಎದುರಾದ ಈ ವಾದ ಹಳೆಯದು. 1989ರಲ್ಲಿ ಸಂಶೋಧಕರಾದ ಜೊಹಾನೆಸೆನ್ ಮತ್ತು ಪಾರ್ಕರ್ ಇದನ್ನೇ ಹೇಳಿದರು. 1993ರಲ್ಲಿ ಮೆಕ್ಕೆಜೋಳ ಬಲ್ಲ ಪಾಯಕ್ ಮತ್ತು ಸಚಾನ್, ಅದು ತೆನೆಯಲ್ಲ, ಮುತ್ತು ಹೊದಿಸಿದ ಕಲ್ಪನೆಯ ಹಣ್ಣು, ಮುಕ್ತಾಫಲ ಎಂದರು. ಎರಡೂ ಕಡೆಯವರ ಮಾತನ್ನು ಓದುಗರ ಮುಂದಿಡಿ.

ಆಮೇಲೆ ಗುಡಿಗೆ ಹೋಗಿ. 13ನೇ ಶತಮಾನದ ಕೇಶವ ದೇವಾಲಯ, ಬಳಪದ ಕಲ್ಲು. ಉಳಿ ಹೇಳಿದಂತೆ ಕೇಳುವ ಕಲ್ಲು. ಓರೆಬೆಳಕಿನಲ್ಲಿ ಕಾಳಿನ ಸಾಲು ಎಣಿಸಿ. ಮೆಕ್ಕೆಜೋಳದಲ್ಲಿ ಕಾಳು ಜೋಡಿಜೋಡಿಯಾಗಿ ಕೂರುವುದರಿಂದ ಸಾಲುಗಳು ಸಾಮಾನ್ಯವಾಗಿ ಸಮಸಂಖ್ಯೆ: 8, 12, 14, ಹೀಗೆ. ತೊಡಕೆಂದರೆ, ಶಿಲ್ಪದಲ್ಲಿ ಹಿಂಬದಿ ಕಾಣದು. ಕಂಡಷ್ಟನ್ನು ಎರಡರಿಂದ ಗುಣಿಸಿದರೆ ಉತ್ತರ ಯಾವಾಗಲೂ ಸಮಸಂಖ್ಯೆಯೇ! ಕಂಡ ಸಾಲನ್ನಷ್ಟೇ ಬರೆಯಿರಿ. ಅದೇ ಮೂರ್ತಿಯ ಕಿರೀಟ, ಕಂಠೀಹಾರ, ಕಟಿಸೂತ್ರದ ಮಣಿಗಳ ಪಕ್ಕ ಆ ‘ಕಾಳು’ಗಳನ್ನಿಟ್ಟು ನೋಡಿ. ಎರಡೂ ಒಂದೇ ಕೈಚಳಕವಾದರೆ ‘ಕಾಳು’ ಎನ್ನಲು ನಿಮಗೆ ಬೇರೆ ಕಾರಣ ಬೇಕು.

ಇನ್ನು ಹೊಲ. ಮುಸುಕು ಬಿಗಿದ ತೆನೆ ತಾನಾಗಿ ಬೀಜ ಉದುರಿಸದು, ಮನುಷ್ಯ ಬಿತ್ತಲೇಬೇಕು. ಬಿತ್ತಿದ ಕಡೆ ಕರಕಲು ದಿಂಡು, ಪರಾಗ ಉಳಿಯಬೇಕು. ಕೊಲಂಬಸ್‌ಗಿಂತ ಹಿಂದಿನ ಪದರದಲ್ಲಿ ನಮ್ಮಲ್ಲಿ ಅಂಥದ್ದು ಖಚಿತವಾಗಿ ಸಿಕ್ಕಿಲ್ಲ. ಹಳಗನ್ನಡದ ‘ಜೋಳದ ಪಾಳಿ’ಯನ್ನು (ಉಂಡ ಅನ್ನದ ಋಣ ಎಂಬರ್ಥದ ಮಾತು) ಸಾಕ್ಷಿಗೆ ಕರೆಯಬೇಡಿ, ಅದು ರೊಟ್ಟಿಯ ಜೋಳ.

ಗಟ್ಟಿ ಸಾಕ್ಷ್ಯ ಹೇಗಿರುತ್ತದೆಂದು ನೋಡಲು ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳ ಸಿಹಿಗೆಣಸಿನತ್ತ ಹೋಗಿ. ಅಮೆರಿಕ ಮೂಲದ ಗೆಡ್ಡೆ. ಕುಕ್ ದ್ವೀಪಗಳ ಮಂಗಾಯಾದಲ್ಲಿ ಕೊಲಂಬಸ್‌ಗಿಂತ ಹಿಂದಿನ ಕರಕಲು ತುಣುಕು ಸಿಕ್ಕಿದೆ. ಗೆಣಸಿಗೆ ಪಾಲಿನೇಷ್ಯದಲ್ಲಿರುವ ‘ಕುಮಾರ’ ಎಂಬ ಹೆಸರಿಗೆ ದಕ್ಷಿಣ ಅಮೆರಿಕದ ಆಂಡೀಸ್ ಕಡೆಯ ಮಾತಿನಲ್ಲಿ ಹೋಲಿಕೆಯಿದೆ. ಆದರೂ 2018ರಲ್ಲಿ ಕೆಲವರು, ಗೆಣಸು ಮನುಷ್ಯರ ನೆರವಿಲ್ಲದೆಯೇ ಬಂದಿರಬಹುದೆಂದು ತಕರಾರು ತೆಗೆದರು. 2020ರ ಡಿಎನ್‌ಎ ಅಧ್ಯಯನ ಮಾತ್ರ ಸುಮಾರು 1200ರ ಹೊತ್ತಿಗೆ ಎರಡೂ ಕಡೆಯ ಜನರೇ ಬೆರೆತದ್ದನ್ನು ತೋರಿಸಿತು. ಗೆಡ್ಡೆ, ಹೆಸರು, ರಕ್ತ: ಒಂದನ್ನೊಂದು ಆತುಕೊಳ್ಳದ ಮೂರು ಸಾಕ್ಷಿ.

1947ರಲ್ಲಿ ಪೆರುವಿನಿಂದ ಪಾಲಿನೇಷ್ಯಕ್ಕೆ ತೇಲಿಹೋದ ಕಾನ್-ಟಿಕಿ ತೆಪ್ಪ ನಿಮ್ಮ ವಾದಕ್ಕೆ ಒದಗದು. 101 ದಿನ ತೇಲಿದ್ದು ನಿಜ, ಪೆರುವಿನ ದಡದಿಂದ ಅದನ್ನು ಮೊದಲು ಎಳೆದೊಯ್ದದ್ದು ನೌಕಾಪಡೆಯ ಟಗ್! ದಾಟಬಹುದು ಎಂಬುದು ದಾಟಿದರು ಎಂದಾಗದು. ಪಿರಮಿಡ್ ಹೋಲಿಕೆಯ ಪ್ಯಾರಾ ಪೂರ್ತಿ ತೆಗೆಯಿರಿ. ಕಲ್ಲನ್ನು ಎತ್ತರಕ್ಕೆ ಪೇರಿಸುವವರೆಲ್ಲ ಬುಡ ಅಗಲ ಮಾಡುತ್ತಾರೆ.

ದೂರದ ನಂಟೇ ಬೇಕೆಂದರೆ ರಾಗಿಯ ಬಗ್ಗೆ ಬರೆಯಿರಿ. ಅದರ ಕಾಡುಮೂಲ ಪೂರ್ವ ಆಫ್ರಿಕದಲ್ಲಿದೆ. ಮುದ್ದೆ ಮುರಿಯುವವರಿಗೆ ಅದು ಸೋಮನಾಥಪುರಕ್ಕಿಂತ ದೊಡ್ಡ ಸುದ್ದಿ.