ಸಿಲಂಬಕ್ಕೂ ಒಂದು ಮೂಲೆ ಕೊಡಿ

ಸಂಪಾದಕರೇ,

ಹಾಸನದಲ್ಲಿ ಕರಾಟೆ ಕ್ಲಾಸಿಗೇನೂ ಬರವಿಲ್ಲ. ಆದರೆ ತಮಿಳುನಾಡಿನ ಕೋಲುವರಸೆಯಾದ ಸಿಲಂಬ ಕಲಿಯುವ ನಮ್ಮಂಥ ನಾಲ್ಕಾರು ಜನ ಬೆಳಿಗ್ಗೆ ಕೋಲು ಹಿಡಿದು ಮೈದಾನಕ್ಕೆ ಹೋದರೆ ಜಗಳಕ್ಕೆ ಬಂದವರ ಹಾಗೆ ನೋಡಿ ಆಚೆ ಕಳಿಸುತ್ತಾರೆ. ಸುಮ್ನೆ ಕೋಲು ಬೀಸುವ ಆಟ ಅಲ್ಲ ಇದು. ಮೊದಲು ಕಾಲಿನ ಹೆಜ್ಜೆ, ಆಮೇಲೆ ಕೋಲು. ಹಣೆ ಮಟ್ಟದ ಬಿದಿರು ಕೋಲು ಕೈಯಿಂದ ಕೈಗೆ ತಿರುಗುವಾಗ ಮಣಿಕಟ್ಟು ಸ್ವಲ್ಪ ಬಿಗಿಯಾದರೂ ಸಾಕು, ತುದಿ ನೇರ ಮೊಣಕಾಲಿಗೇ ಬಡಿಯುತ್ತದೆ. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಸಿಲಂಬ ಪ್ರದರ್ಶನ ಕ್ರೀಡೆಯಾಗಿತ್ತು. ನಮ್ಮಲ್ಲೂ ದೊಣ್ಣೆವರಸೆ ಇದೆ ಅಲ್ವಾ, ಕಲಿಸುವವರು ಸಿಕ್ಕರೆ ಅದಕ್ಕೂ ಸೇರುತ್ತೇವೆ. ಸಿಲಂಬಕ್ಕೆ ಜಾಗ ಜಾಸ್ತಿ ಬೇಕು, ಮನೆ ಟೆರೇಸಿನಲ್ಲಿ ಆಗುವುದಿಲ್ಲ. ಬೆಳಿಗ್ಗೆ 6ರಿಂದ 7ರವರೆಗೆ ಮೈದಾನದ ಒಂದು ಮೂಲೆ ಬಿಟ್ಟುಕೊಡಿ, ವಾಕಿಂಗ್ ಮಾಡುವವರಿಂದ ದೂರವೇ ಇರುತ್ತೇವೆ.

– ಒಬ್ಬ ಓದುಗ, ಹಾಸನ