ಗಾಳಿಯ ಲೆಕ್ಕ ಮೊದಲು, ಚಿತ್ರ ಆಮೇಲೆ

ಸರಸ್ವತೀಪುರಂ, ಮೈಸೂರು

ಚಿ. ರಮ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಗಾಳಿಯ ಕದಡಿನಿಂದ ದೂರದರ್ಶಕದ ಚಿತ್ರ ಹೇಗೆ ಕೆಡುತ್ತದೆಂದು ಕಂಪ್ಯೂಟರಿನಲ್ಲಿ ತೋರಿಸಲು ನೀನು ಬರೆದು ಕಳಿಸಿದ ಪ್ರೋಗ್ರಾಂ ಓದಿದೆ. 5 ಮಿಲಿಸೆಕೆಂಡಿನ ಚಿತ್ರಕ್ಕೆ ಗಾಸಿಯನ್ ಮಸುಕು (ಎಲ್ಲ ಕಡೆಗೂ ಸಮನಾಗಿ ಹರಡುವ ನಯವಾದ ಮಸುಕು) ಹಾಕಿದ್ದೀಯ, ಅದನ್ನು ತೆಗೆದುಬಿಡಮ್ಮ. ದೀರ್ಘ ಎಕ್ಸ್‌ಪೋಷರ್‌ಗೆ ಅದು ಒಂದಷ್ಟು ಹೊಂದೀತು. ಕಿರು ಎಕ್ಸ್‌ಪೋಷರ್‌ನಲ್ಲಿ ನಕ್ಷತ್ರ ಒಡೆದು ಚುಕ್ಕೆಚುಕ್ಕೆಯಾಗುತ್ತದೆ, ಜಾಗವನ್ನೂ ಬದಲಿಸುತ್ತದೆ. ದೂರದರ್ಶಕ ತೋರಬಲ್ಲ ಅತಿ ಸೂಕ್ಷ್ಮ ವಿವರ ಆ ಚುಕ್ಕೆಗಳಲ್ಲೇ ಉಳಿದಿರುತ್ತದೆಂದು 1970ರಲ್ಲಿ ಫ್ರಾನ್ಸಿನ ಖಗೋಳಜ್ಞ ಲಾಬೇರಿ ತೋರಿಸಿಕೊಟ್ಟರು. ಗಾಸಿಯನ್ ಅಳಿಸುವುದು ಅದನ್ನೇ.

ಫೇಸ್ ಸ್ಕ್ರೀನ್‌ನಿಂದ ಶುರುಮಾಡು, ಅಂದರೆ ಗಾಳಿ ಬೆಳಕಿನ ಅಲೆಯನ್ನು ಎಲ್ಲೆಲ್ಲಿ ಎಷ್ಟು ಹಿಂದುಮುಂದು ಮಾಡುತ್ತದೆಂಬ ನಕ್ಷೆಯಿಂದ. ಯಾವ ಗಾತ್ರದ ಅಲೆಯಲ್ಲಿ ಕದಡು ಎಷ್ಟೆಂದು ಹೇಳುವ ಕೊಲ್ಮೊಗೊರೊವ್ ಸ್ಪೆಕ್ಟ್ರಮ್‌ನಲ್ಲಿ ಆವರ್ತನದ ಘಾತ ಮೈನಸ್ 11/3. ಅದರ ವರ್ಗಮೂಲವನ್ನು ಯಾದೃಚ್ಛಿಕ ಸಂಕೀರ್ಣ ಸಂಖ್ಯೆಗಳಿಗೆ ಗುಣಿಸಿ ಎಫ್‌ಎಫ್‌ಟಿ (ಅಲೆಗಳನ್ನೆಲ್ಲ ಕೂಡಿಸಿ ನಕ್ಷೆ ಮಾಡುವ ವೇಗದ ಫೂರಿಯೆ ಲೆಕ್ಕ) ಮಾಡು. ನಿನ್ನ 20 ಸೆಂ.ಮೀ. ದೂರದರ್ಶಕಕ್ಕೆ ಫ್ರೀಡ್ ಉದ್ದ (ಗಾಳಿಯಿಂದ ಬೆಳಕು ಅಷ್ಟಾಗಿ ಕದಡದ ತುಣುಕಿನ ಅಗಲ) 5 ಸೆಂ.ಮೀ., ಗ್ರಿಡ್ ಅಂತರ 1 ಸೆಂ.ಮೀ. ಇರಲಿ.

ಹೆಚ್ಚಿನವರು ಎಡವುವುದು ಇಲ್ಲೇ. ಸ್ಕ್ರೀನಿಗಿಂತ ದೊಡ್ಡ ಅಲೆಗಳು ಎಫ್‌ಎಫ್‌ಟಿಯಲ್ಲಿ ಇರುವುದೇ ಇಲ್ಲ. ದರ್ಪಣದ ಮೇಲಿನ ಫೇಸ್ ಏರಿಳಿತದಲ್ಲಿ ಸುಮಾರು 87% ಬರೀ ಓರೆ, ಅಂದರೆ ಚಿತ್ರವನ್ನು ಇಡಿಯಾಗಿ ಪಕ್ಕಕ್ಕೆ ಸರಿಸುವ ವಾಲು. ಆ ಓರೆಗೆ ಬೇಕಾದದ್ದು ದೊಡ್ಡ ಅಲೆ. ಅದಿಲ್ಲದಿದ್ದರೆ ಸ್ಕ್ರೀನ್ ನೋಡಲು ಚೆನ್ನಾಗಿಯೇ ಇರುತ್ತದೆ, ನಕ್ಷತ್ರ ಮಾತ್ರ ಬೇಕಾದಷ್ಟು ಅಲ್ಲಾಡುವುದಿಲ್ಲ. 1992ರಲ್ಲಿ ಲೇನ್, ಗ್ಲಿಂಡೆಮನ್, ಡೇಂಟಿ ಕೊಟ್ಟ, ಆ ದೊಡ್ಡ ಅಲೆಗಳನ್ನು ಬೇರೆಯಾಗಿ ಕೂಡಿಸುವ ಸಬ್‌ಹಾರ್ಮೋನಿಕ್ ವಿಧಾನ ಸೇರಿಸು. ಆಮೇಲೆ ಕೆಲವು ನೂರು ಸ್ಕ್ರೀನ್‌ಗಳಲ್ಲಿ ಎರಡು ಬಿಂದುಗಳ ಫೇಸ್ ವ್ಯತ್ಯಾಸದ ವರ್ಗದ ಸರಾಸರಿ ತೆಗೆ: 5 ಸೆಂ.ಮೀ. ಅಂತರಕ್ಕೆ 6.88 ರೇಡಿಯನ್ ವರ್ಗ, 20 ಸೆಂ.ಮೀ.ಗೆ ಸುಮಾರು 69 ಬರಬೇಕು. ಹತ್ತಿರದ್ದು ಸರಿಯಾಗಿ ದೂರದ್ದು ಕಡಿಮೆಯಾದರೆ ಸಬ್‌ಹಾರ್ಮೋನಿಕ್ ಸಾಲದು.

ಇನ್ನು ಕಾಲ. ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ಸ್ಥಿರತೆಯ ಅವಧಿ (ಕದಡು ಹೆಚ್ಚು ಬದಲಾಗದೆ ಇರುವ ಹೊತ್ತು) ಸುಮಾರು 1.6 ಮಿಲಿಸೆಕೆಂಡ್ ಮಾತ್ರ. ನಿನ್ನ 5 ಮಿಲಿಸೆಕೆಂಡಿನಲ್ಲಿ ಸ್ಕ್ರೀನ್ 5 ಸೆಂ.ಮೀ. ಸರಿದಿರುತ್ತದೆ. ಒಂದೊಂದೇ ಸೆಂ.ಮೀ. ಸರಿಸುತ್ತಾ ಪ್ರತಿ ಹಂತದಲ್ಲೂ ಚಿತ್ರ ಲೆಕ್ಕಹಾಕಿ, ತೀವ್ರತೆಗಳ ಸರಾಸರಿ ತೆಗೆ, ಫೇಸ್‌ಗಳದ್ದಲ್ಲ. ಪ್ಯುಪಿಲ್‌ನ (ದೂರದರ್ಶಕದ ಬಾಯಿಯ ವೃತ್ತದ) ಸುತ್ತ ಸೊನ್ನೆ ತುಂಬಿ ಅಗಲ ಕನಿಷ್ಠ ಇಮ್ಮಡಿಯಾಗಲಿ, ಇಲ್ಲದಿದ್ದರೆ ಚುಕ್ಕೆಗಳು ಒರಟಾಗುತ್ತವೆ. ಫೋಟಾನ್ ನಾಯ್ಸ್ (ಬೆಳಕಿನ ಕಣಗಳ ಎಣಿಕೆಯ ಏರುಪೇರು) ಸೇರಿಸುವುದು ಕೊನೆಗೆ.

ಫ್ರೀಡ್ 1978ರಲ್ಲಿ ಕೊಟ್ಟ ಸೂತ್ರದಂತೆ, ಓರೆ ಕಳೆದ ಮೇಲೆ ಉಳಿಯುವ ಏರಿಳಿತ 1 ರೇಡಿಯನ್ ವರ್ಗಕ್ಕಿಂತ ಕಡಿಮೆಯಿರುವ ಫ್ರೇಮ್‌ಗಳು ನಿನ್ನ ಲೆಕ್ಕಕ್ಕೆ ಸುಮಾರು 46% ಸಿಗಬೇಕು. ಫ್ರೀಡ್ ಉದ್ದ 3 ಸೆಂ.ಮೀ.ಗೂ ಸ್ವಲ್ಪ ಕೆಳಗಿಳಿದರೆ ಸುಮಾರು 370ಕ್ಕೆ ಒಂದು. ಬೇಸಿಗೆಯ ಸಂಜೆ ನಮ್ಮ ಕಾದ ತಾರಸಿಯಿಂದ ನೋಡಿದರೆ, ಅದರಲ್ಲೂ ಚಾಮುಂಡಿ ಬೆಟ್ಟದ ಕಡೆ ಕೆಳಗಿರುವ ಗ್ರಹವನ್ನು, ಲೆಕ್ಕ ಹಾಗೆ ಇಳಿಯುವುದು ಸಹಜ. ನೆತ್ತಿಯಿಂದ 60 ಡಿಗ್ರಿ ವಾಲಿದರೇ 5 ಸೆಂ.ಮೀ. 3.3 ಆಗುತ್ತದೆ.

ಗುರು ಗ್ರಹಕ್ಕೆ ಒಂದೇ ಸ್ಕ್ರೀನ್ ಸಾಲದು. ಬಿಂಬದ ಅಂಚು, ನಡು ಬೇರೆಬೇರೆಯಾಗಿ ಕದಲಬೇಕಾದರೆ ಹಲವು ಎತ್ತರಗಳಲ್ಲಿ ಸ್ಕ್ರೀನ್ ಬೇಕು. ಅದಕ್ಕೆ ಕೈಹಾಕುವ ಮುಂಚೆ ಮೇಲೆ ಹೇಳಿದ ಎರಡು ಬಿಂದುಗಳ ಸರಾಸರಿ ಲೆಕ್ಕದ ಗ್ರಾಫ್ ಕಳಿಸು, ನೋಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ