ಮಿಲ್ಲಿಂಗ್ ಮೆಷಿನ್ ಬರ್ ಬದಲಿಸದೆ ನಿಂತರೆ

ದಾವಣಗೆರೆಯ ಡೆಂಟಲ್ ಲ್ಯಾಬ್ ಗೆಳೆಯರಿಗೆಲ್ಲ ನಮಸ್ಕಾರ. ಹಲ್ಲಿನ ಕ್ರೌನ್ (ಟೋಪಿ) ಕೊರೆಯುವ ಮಿಲ್ಲಿಂಗ್ ಮೆಷಿನ್ ತನ್ನ ಟೂಲ್, ಅಂದರೆ ಕೊರೆಯುವ ಬರ್, ಬದಲಿಸುವಾಗ ಎರರ್ ಬರುತ್ತೆ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಸರ್ವಿಸ್‌ನವರು ಬೆಂಗಳೂರಿನಿಂದ ಬರುವಷ್ಟರಲ್ಲಿ ಕ್ರೌನ್ ಎಲ್ಲಿ ಅಂತ ಡಾಕ್ಟರ್ ಫೋನ್ ಶುರುವಾಗಿರುತ್ತದೆ, ಅಲ್ವಾ? ಅದಕ್ಕೇ ಮೊದಲು ಇಷ್ಟು ನೋಡಿ.

ಶುರು ಮಾಡಬೇಕಾದದ್ದು ಗಾಳಿಯಿಂದ. ಬಹಳಷ್ಟು ಮೆಷಿನ್‌ಗಳಲ್ಲಿ ಕಾಲೆಟ್ (ಬರ್ ಕಚ್ಚಿಕೊಳ್ಳುವ ಭಾಗ) ಬರ್ ಹಿಡಿಯುವುದು ಸ್ಪ್ರಿಂಗ್‌ನಿಂದ, ಬಿಡುವುದು ಗಾಳಿಯ ಒತ್ತಡದಿಂದ. ಒತ್ತಡ ಸಾಲದಿದ್ದರೆ ಹಳೇ ಬರ್ ಒಳಗೇ ಕೂರುತ್ತದೆ. ಗೇಜನ್ನು ಮೆಷಿನ್ ಸುಮ್ನೆ ನಿಂತಾಗ ನೋಡಿ ಉಪಯೋಗವಿಲ್ಲ, ಟೂಲ್ ಬದಲಾಗುವ ಕ್ಷಣದಲ್ಲೇ ನೋಡಿ. ಗಾಳಿ ಕೊಡುವ ಅದೇ ಕಂಪ್ರೆಸರ್‌ಗೆ ಸ್ಯಾಂಡ್‌ಬ್ಲಾಸ್ಟರ್ (ಗಾಳಿಯಿಂದ ಪುಡಿ ಎರಚುವ ಯಂತ್ರ) ಕೂಡ ಇದ್ದರೆ ಮುಳ್ಳು ಇಳಿಯುವುದು ಆಗ ಕಾಣುತ್ತದೆ. ಎಷ್ಟು ಬಾರ್ ಒತ್ತಡ ಬೇಕು ಅನ್ನೋದು ನಿಮ್ಮ ಮೆಷಿನ್ ಮ್ಯಾನುಯಲ್‌ನಲ್ಲೇ ಇದೆ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಹೊರಗೆ ಬಿಡಿ.

ಆಮೇಲೆ ಕಾಲೆಟ್. ಜಿರ್ಕೋನಿಯಾ (ಕ್ರೌನ್ ಮಾಡುವ ಸೆರಾಮಿಕ್) ಪುಡಿ ಒಳಗೆ ಕೂತರೆ ಹಿಡಿತವೂ ಸಡಿಲ, ಬರ್ ಓಲಾಡುವುದೂ ಜಾಸ್ತಿ. ಮೆಷಿನ್ ಜೊತೆ ಬಂದ ಬ್ರಷ್‌ನಿಂದಲೇ ಒರೆಸಿ. ಏರ್ ಗನ್ ಹಿಡಿದು ಊದಬೇಡಿ, ಪುಡಿ ಬೇರಿಂಗ್‌ಗೆ ಹೋಗುತ್ತದೆ. ಸಿಕ್ಕಿಕೊಂಡ ಬರ್ ಅನ್ನು ಇಕ್ಕಳದಿಂದ ಜಗ್ಗುವುದಂತೂ ಬೇಡವೇ ಬೇಡ. ಬರ್ ತಿರುಗಿಸುವ ಸ್ಪಿಂಡಲ್ ಹಾಳಾದರೆ ಖರ್ಚು ಕೇಳಲೇಬೇಡಿ.

ಹೊಸ ಬರ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಅದರ ರಿಂಗ್ ಸರಿಯಾದ ಜಾಗದಲ್ಲಿದೆಯಾ, ಶ್ಯಾಂಕ್ (ಕಾಲೆಟ್ ಒಳಗೆ ಹೋಗುವ ಭಾಗ) ಅಳತೆ ಹೊಂದುತ್ತದಾ ನೋಡಿ. ಬರ್ ಉದ್ದ ಅಳೆಯುವ ಸೆನ್ಸರ್ ಮೇಲಿನ ಧೂಳನ್ನೂ ಒರೆಸಿ.

ಇಷ್ಟಾದರೂ ಸರಿಹೋಗದಿದ್ದರೆ ಎರರ್ ನಂಬರ್ ಕಾಣುವ ಫೋಟೋ ಮತ್ತು ಮೆಷಿನ್ ಮಾಡೆಲ್ ಇಲ್ಲಿ ಹಾಕಿ. ಉದ್ದುದ್ದ ವಾಯ್ಸ್ ಮೆಸೇಜ್ ಬೇಡ ಮಾರಾಯ್ರೆ, ಲ್ಯಾಬ್ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ.